ರೀಡ್‌ಬ್ಯಾಕ್ ಪರೀಕ್ಷಕ: ‘ಟು’ ಕೊನೆಗೂ ಸಿಕ್ಕಿಬಿತ್ತು

ವಿಮಾನ ಸಂಚಾರ ಕಂಟ್ರೋಲರ್ ಕೊಟ್ಟ ಸೂಚನೆಯನ್ನು ಪೈಲಟ್ ತಿರುಗಿ ಹೇಳುವುದೇ ರೀಡ್‌ಬ್ಯಾಕ್. ಅದು ಸರಿಯೇ ಎಂದು ನೋಡಲು ಸಿಮ್ಯುಲೇಟರ್‌ಗಾಗಿ ನಾನು ಮಾಡಿಕೊಂಡ ಪರೀಕ್ಷಕ ತಂತ್ರಾಂಶ ನಿನ್ನೆ ರಾತ್ರಿ ನನ್ನ ತಪ್ಪು ರೀಡ್‌ಬ್ಯಾಕನ್ನು ಒಪ್ಪಲಿಲ್ಲ! ಬೇಕೆಂದೇ ತಪ್ಪಾಗಿ ಹೇಳಿದ್ದೆ. ‘ನೆಗೆಟಿವ್’ ಎಂಬ ಆ ಧ್ವನಿ ಕೇಳಿ ಕುರ್ಚಿಯಿಂದ ಎದ್ದು ನಿಂತೆ.

ಸಿಮ್ಯುಲೇಟರ್ ಜೋಡಣೆ, ಪಿಟಿಟಿ (ಒತ್ತಿ ಮಾತನಾಡುವ) ಗುಂಡಿ, ರೆಕಾರ್ಡಿಂಗ್‌ಗಳ ವಿವರ ಬಿಡುತ್ತೇನೆ. ಆದರೆ ವಿಮಾನದ ಹೆಡ್‌ಸೆಟ್ಟನ್ನು ಕಂಪ್ಯೂಟರ್‌ಗೆ ಜೋಡಿಸುವ ಅಡಾಪ್ಟರ್ ಮಾರಿದವರ ಬಗ್ಗೆ ಹೇಳಲೇಬೇಕು. ವಿಮಾನದ ಹೆಡ್‌ಸೆಟ್‌ನ ಮೈಕ್‌ಗೆ 8ರಿಂದ 16 ವೋಲ್ಟ್ ಬಯಾಸ್, ಅಂದರೆ ಮೈಕ್ ಕೆಲಸ ಮಾಡಲು ಹೊರಗಿನಿಂದ ಕೊಡುವ ವಿದ್ಯುತ್, ಬೇಕು. ‘ಯಾವ ಹೆಡ್‌ಸೆಟ್‌ಗಾದರೂ ಸರಿ’ ಎಂದು ಮಾರಿದ ಪೆಟ್ಟಿಗೆಯಲ್ಲಿ ಆ ಸರ್ಕ್ಯೂಟ್ ಇರಲೇ ಇಲ್ಲ. ಇದು ಗ್ರಾಹಕನಿಗೆ ಮಾಡುವ ಅನ್ಯಾಯ. ಕೊನೆಗೆ ಬಯಾಸ್ ಸರ್ಕ್ಯೂಟನ್ನು ನಾನೇ ಬೆಸೆದೆ.

ಇನ್ನು ನಿಜವಾದ ತಲೆನೋವು. ನನ್ನ ಪರೀಕ್ಷಾ ವಾಕ್ಯ 1989ರ ಫೆಬ್ರವರಿ 19ರದು. ಕೌಲಾಲಂಪುರದ ಬಳಿ ಫ್ಲೈಯಿಂಗ್ ಟೈಗರ್ 66 ಸರಕು ವಿಮಾನಕ್ಕೆ ‘ಡಿಸೆಂಡ್ ಟೂ ಫೋರ್ ಝೀರೋ ಝೀರೋ’ ಎಂಬ ಸೂಚನೆ ಬಂತು. ಇಳಿಯಬೇಕಾಗಿದ್ದದ್ದು 2,400 ಅಡಿಗೆ. ಪೈಲಟ್ ‘ಓಕೆ, ಫೋರ್ ಝೀರೋ ಝೀರೋ’ ಎಂದರು. ‘ಟೂ’ (ಎರಡು) ಎಂಬ ಅಂಕಿ ‘ಟು’ (‘ಇಷ್ಟಕ್ಕೆ’ ಎಂಬ ಅರ್ಥದ ಇಂಗ್ಲಿಷ್ ಪದ) ಆಗಿ ಕೇಳಿಸಿ, ಉಳಿದದ್ದು 400 ಅಡಿ. ಆ ರೀಡ್‌ಬ್ಯಾಕನ್ನು ಯಾರೂ ತಿದ್ದಲಿಲ್ಲ. ವಿಮಾನ ಬೆಟ್ಟಕ್ಕೆ ಬಡಿದು ಅದರಲ್ಲಿದ್ದ ನಾಲ್ವರೂ ಸತ್ತರು.

ದೊಡ್ಡ ಧ್ವನಿ ಗುರುತಿಸುವ ಮಾದರಿಗಳು ಇಲ್ಲಿ ಎಡವುತ್ತವೆ. ಮುಂದೆ ಏನು ಬರಬಹುದು ಎಂಬ ಊಹೆಯೇ ಅವುಗಳ ಬಲ. ಕಂಟ್ರೋಲರ್ ಕೊಟ್ಟ ಕ್ಲಿಯರೆನ್ಸನ್ನು (ಅನುಮತಿ ಸೂಚನೆಯನ್ನು) ಸುಳಿವಾಗಿ ಒದಗಿಸಿದರೆ ತಪ್ಪು ರೀಡ್‌ಬ್ಯಾಕನ್ನೂ ತಾವೇ ಸರಿಮಾಡಿ ಬರೆದುಕೊಡುತ್ತವೆ. ದಣಿದ ಕಂಟ್ರೋಲರ್ ತಾನು ನಿರೀಕ್ಷಿಸಿದ್ದನ್ನೇ ಕೇಳಿಸಿಕೊಳ್ಳುವ ಅಪಾಯವೂ ಇದೇ.

ಹಾಗಾಗಿ ಸುಳಿವನ್ನು ಪೂರ್ತಿ ಕಿತ್ತುಹಾಕಿ, ಫ್ರೇಸಿಯಾಲಜಿಯ (ರೇಡಿಯೋದಲ್ಲಿ ಬಳಸುವ ನಿಗದಿತ ನುಡಿಗಟ್ಟಿನ) ಪದಗಳನ್ನಷ್ಟೇ ಬಲ್ಲ ಸಣ್ಣ ಶಬ್ದಕೋಶ ಕೊಟ್ಟೆ. ಅದರ ಮೇಲೆ ಬ್ರಿಟನ್‌ನ ರೇಡಿಯೋ ಸಂಭಾಷಣೆಯ ಕೈಪಿಡಿ ಸಿಎಪಿ 413ರ ಕಟ್ಟುನಿಟ್ಟು: ಫ್ಲೈಟ್ ಲೆವೆಲ್‌ನೊಂದಿಗೆ (ನೂರು ಅಡಿಗಳ ಲೆಕ್ಕದಲ್ಲಿ ಹೇಳುವ ಎತ್ತರ) ‘ಟು’ ಬರಕೂಡದು, ಅಡಿಗಳಲ್ಲಿ ಹೇಳುವ ಎತ್ತರವಾದರೆ ‘ಟು ಆಲ್ಟಿಟ್ಯೂಡ್’ ಎಂದು ಹೇಳಿ ನಂತರವೇ ಸಂಖ್ಯೆ. ಈಗ ‘ಟು’ ಆದ ಮೇಲೆ ನೇರವಾಗಿ ಅಂಕಿ ಬಂದರೆ ಪರೀಕ್ಷಕ ‘ಸೇ ಅಗೇನ್’ ಎನ್ನುತ್ತದೆ. ನನಗೆ ಅತ್ಯಂತ ಖುಷಿ ಕೊಟ್ಟದ್ದು ಬೇರೆ: ಅದು ಆ ಹಳೆಯ ಸೂಚನೆಯನ್ನೇ ತಿರಸ್ಕರಿಸಿತು. ‘ಡಿಸೆಂಡ್ ಟು ಆಲ್ಟಿಟ್ಯೂಡ್ ಟೂ ಥೌಸಂಡ್ ಫೋರ್ ಹಂಡ್ರೆಡ್ ಫೀಟ್’ ಎಂದಾಗ ಮಾತ್ರ ಒಪ್ಪಿತು. ‘ಥೌಸಂಡ್’ ಇದ್ದಲ್ಲಿ 400 ಎಂಬ ಅರ್ಥ ನುಸುಳುವುದು ಕಷ್ಟ.

ಫ್ಲೈಟ್ ಲೆವೆಲ್ 100 ಮತ್ತು 110ರ ಗೊಂದಲವೂ ಹೀಗೆಯೇ ತೀರಿತು: ‘ವನ್ ಝೀರೋ ಝೀರೋ’ ಬೇಡ, ‘ವನ್ ಹಂಡ್ರೆಡ್’. ದಿಕ್ಕಿನ ಸಂಖ್ಯೆ ಸೊನ್ನೆಯಲ್ಲಿ ಮುಗಿದರೆ ‘ಡಿಗ್ರೀಸ್’ ಕಡ್ಡಾಯ. ಇಲ್ಲವಾದರೆ 250 ದಿಕ್ಕೋ ಎತ್ತರವೋ ಎಂದು ಗದ್ದಲದಲ್ಲಿ ಹೇಗೆ ಗೊತ್ತಾಗಬೇಕು?

ಬರೆಯುತ್ತಿರುವಾಗಲೇ ಮುಂದಿನ ಯೋಜನೆ ಕೈಹಿಡಿದು ಎಳೆಯುತ್ತಿದೆ. ವಿಮಾನದ ವಿಎಚ್‌ಎಫ್ ರೇಡಿಯೋ ಇಂದಿಗೂ ಎಎಂ, ಅಂದರೆ ವಾಹಕ ಅಲೆಯ ಬಲವನ್ನು ಏರಿಳಿಸಿ ಮಾತು ಸಾಗಿಸುವ ಬಗೆ. ಇಬ್ಬರು ಒಟ್ಟಿಗೆ ಪ್ರಸಾರ ಮಾಡಿದರೆ ಎರಡು ವಾಹಕಗಳ ಆವರ್ತನದ ಅಲ್ಪ ವ್ಯತ್ಯಾಸ ಸಿಳ್ಳೆಯಾಗಿ ಕೇಳುತ್ತದೆ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಕಂಟ್ರೋಲರ್ ಹೇಳಿದ ‘ಕಾಯಿರಿ’ ಎಂಬ ಮಾತು ಕೆಎಲ್‌ಎಂ ವಿಮಾನದ ಕಾಕ್‌ಪಿಟ್‌ನಲ್ಲಿ ಸಿಳ್ಳೆಯಡಿ ಮುಳುಗಿತು, ಅದು ಓಡಿ ರನ್‌ವೇಯಲ್ಲಿದ್ದ ಇನ್ನೊಂದು ವಿಮಾನಕ್ಕೆ ಬಡಿಯಿತು. 583 ಜನ ಸತ್ತರು. ಆ ಸಿಳ್ಳೆಯನ್ನು ಗುರುತಿಸಿ ‘ಬ್ಲಾಕ್ಡ್’ ಎಂದು ತಾನೇ ಕೂಗುವ ಒಂದು ಭಾಗ ಸೇರಿಸಬೇಕು. ಶಬ್ದವನ್ನು ಆವರ್ತನಗಳಾಗಿ ಒಡೆದು ಸ್ಥಿರವಾದ ಒಂದೇ ಸ್ವರ ಹುಡುಕಿದರೆ ಸಾಕೆನಿಸುತ್ತದೆ, ಎಂಜಿನ್ ಗುಂಯ್ಗುಡುವಿಕೆಯಿಂದ ಅದನ್ನು ಬೇರ್ಪಡಿಸುವುದೇ ಪಟ್ಟು. ಸಿಳ್ಳೆಯ ಮಾದರಿ ತಯಾರಿಸುವ ಕೆಲಸ ಈ ವಾರವೇ ಶುರು.