ಎರಡೇ ಬಾಕ್ಸು

ಇವತ್ತು ಸ್ಟಾಫ್ ರೂಮಿಗೆ ಒಂದು ಫಾರ್ಮ್ ಬಂತು. "ಆನ್‌ಲೈನ್ ಪಾಠಕ್ಕೆ ಸಿದ್ಧರಿದ್ದೀರಾ?" ಹೌದು, ಇಲ್ಲ, ಎರಡೇ ಬಾಕ್ಸು.

ಗಣಿತದ ಮೇಡಂ ಪೆನ್ ಹಿಡ್ಕೊಂಡು ಸುಮ್ನೆ ಕೂತಿದ್ರು. ಯಾಕ್ ಮೇಡಂ ಅಂದೆ. "ಅಲ್ಲ ಸರ್, ಬೋರ್ಡ್ ಮೇಲೆ ಒಂದ್ ಸ್ಟೆಪ್ ಬರ್ದು ತಿರುಗಿ ನೋಡ್ತೀನಿ, ಹಿಂದಿನ ಬೆಂಚಲ್ಲಿ ಯಾರದ್ದೋ ಹುಬ್ಬು ಗಂಟಾಗಿರುತ್ತೆ, ಅದನ್ನ ನೋಡೇ ನಾನು ಅಲ್ಲೇ ನಿಲ್ಸೋದು. ಕ್ಯಾಮೆರಾ ಆಫ್ ಇದ್ರೆ ಯಾವ ಹುಬ್ಬು ನೋಡ್ಲಿ?"

ಇದಕ್ಕೆ ಯಾವ ಬಾಕ್ಸು ಹೇಳಿ.

ಹೊಸ ಟೆಕ್ನಾಲಜಿನ ಜನ ಯಾಕೆ ಒಪ್ಕೋತಾರೆ ಅಂತ ಫ್ರೆಡ್ ಡೇವಿಸ್ ಅನ್ನೋ ಸಂಶೋಧಕರು 1989ರಲ್ಲೇ ಬರ್ದಿದ್ರು. ಮುಖ್ಯವಾಗಿ ಎರಡು ವಿಷಯ, ನನ್ ಕೆಲಸಕ್ಕೆ ಇದ್ರಿಂದ ಉಪಯೋಗ ಇದ್ಯಾ, ಬಳಸೋಕೆ ಸುಲಭನಾ. ನಮ್ ಟ್ರೈನಿಂಗ್‌ಗಳೆಲ್ಲ ಎರಡನೇದ್ರಲ್ಲೇ ಮುಗ್ದು ಹೋಗುತ್ವೆ, ಲಿಂಕ್ ಹೇಗ್ ಕಳ್ಸೋದು, ಮ್ಯೂಟ್ ಎಲ್ಲಿದೆ... ಅದೆಲ್ಲ ಆ ಮೇಡಂಗೆ ನೀಟಾಗಿ ಬರುತ್ತೆ, 2020ರಲ್ಲಿ ಶಾಲೆಗಳು ಮುಚ್ಚಿದಾಗ್ಲೇ ಕಲ್ತಿದ್ರು. ಆಗ ಇಷ್ಟ ಇದ್ಯಾ ಅಂತ ಯಾರ್ ಕೇಳಿದ್ರು!

ಆದ್ರೆ ಅದು ತುರ್ತಿಗೆ ಮಾಡಿದ್ದು, ಸರಿಯಾಗಿ ಪ್ಲಾನ್ ಮಾಡಿದ ಆನ್‌ಲೈನ್ ಕೋರ್ಸೇ ಬೇರೆ, ಹಾಗಾಗಿ ಆ ವರ್ಷನ ನೆನಪಿಸ್ಕೊಂಡು ಆನ್‌ಲೈನೇ ಬೇಡ ಅನ್ನೋರ ಮಾತೂ ನಂಗೆ ಪೂರ್ತಿ ಒಪ್ಪಿಗೆ ಆಗಲ್ಲ. ನಾಚ್ಕೆ ಸ್ವಭಾವದ ಹುಡುಗ ರೆಕಾರ್ಡ್ ಆದ ಪಾಠನ ಎಷ್ಟ್ ಸಲ ಬೇಕಾದ್ರೂ ಹಿಂದೆ ಎಳ್ದು ನೋಡ್ಬಹುದು, ಕ್ಲಾಸಲ್ಲಿ ಅವ್ನು "ಇನ್ನೊಂದ್ಸಲ ಹೇಳಿ" ಅಂತ ಕೈ ಎತ್ತೋದೇ ಇಲ್ಲ. ಮತ್ತೆ ಆ ರೆಕಾರ್ಡಿಂಗ್‌ಗೆ ಹಿಡಿಯೋ ಹೊತ್ತಿದ್ಯಲ್ಲ, ಅದು ಯಾವ ಟೈಮ್‌ಟೇಬಲ್ಲಲ್ಲೂ ಕಾಣಲ್ಲ. ಮನಸ್ಸಿದ್ಯಾ ಅಂತ ಕೇಳೋರು ಟೈಮ್ ಇದ್ಯಾ ಅಂತಾನೂ ಕೇಳ್ಲಿ ಮಾರಾಯ್ರೆ.