ಟೆಕ್ಸಾಸ್‌ನ ಭಾವನಿಗೆ ಹೇಳಿದ ಟ್ರಿಮ್ಮರ್

ಹಾಸನದ ಬಿ.ಎಂ. ರಸ್ತೆಯಲ್ಲಿ ಲೇತ್ ವರ್ಕ್‌ಶಾಪ್ ಇಟ್ಟು ಇಪ್ಪತ್ತೆರಡು ವರ್ಷ ಆಯ್ತು. ಮೊನ್ನೆ ಟೆಕ್ಸಾಸ್‌ನಲ್ಲಿರೋ ಭಾವ ವಿಡಿಯೊ ಕಾಲ್ ಮಾಡಿ, ".50 ಬಿಎಂಜಿ ಖಾಲಿ ತೋಟಾ ಟ್ರಿಮ್ ಮಾಡೋಕೆ ಯಾವ ಮಷೀನು ತಗೊಳ್ಳಲಿ?" ಅಂದ್ರು. (.50 ಬಿಎಂಜಿ ಅಂದ್ರೆ ಸುಮಾರು ಅರ್ಧ ಇಂಚು ದಪ್ಪ ಗುಂಡಿನ ದೊಡ್ಡ ರೈಫಲ್ ತೋಟಾ; ಟ್ರಿಮ್ ಅಂದ್ರೆ ಉದ್ದ ಆದ ಬಾಯಿ ಕತ್ತರಿಸಿ ಅಳತೆಗೆ ತರೋದು.) ಅಲ್ಲಿ ಹಾರಿಸಿದ ತೋಟಾನ ಮನೆಯಲ್ಲೇ ಮತ್ತೆ ತುಂಬಿಕೊಳ್ತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋ ಹಾಗಿಲ್ಲ.

ಹಾರಿಸಿ, ಡೈಗೆ (ಅಚ್ಚಿಗೆ) ಒತ್ತಿ ಅಳತೆಗೆ ತಂದಾಗಲೆಲ್ಲ ಹಿತ್ತಾಳೆ ಬಾಯಿ ಕಡೆಗೆ ಉದ್ದ ಆಗುತ್ತೆ. 99.31 ಮಿ.ಮೀ. ದಾಟಿದರೆ ಬಾಯಿ, ಬಂದೂಕಿನಲ್ಲಿ ತೋಟಾ ಕೂರೋ ಛೇಂಬರಿನ ತುದಿಗೆ ತಗುಲಿ ಬುಲೆಟ್ಟನ್ನು ಬಿಗಿಯಾಗಿ ಹಿಡಿದುಬಿಡಬಹುದು. ಆಗ ಒತ್ತಡ ಅಪಾಯಕ್ಕೆ ಏರುತ್ತೆ.

ನಾನು ಬೆಲೆ ಕೇಳಲಿಲ್ಲ, ತೋಟಾನ ಹಿಡಿಯೋ ಕಾಲೆಟ್ ಯಾವುದು ಅಂತ ಕೇಳಿದೆ. ಈ ತೋಟಾದ ಬುಡ 20.4 ಮಿ.ಮೀ. ಅಡ್ಡಗಲ, ಸಾಮಾನ್ಯ ಟ್ರಿಮ್ಮರ್‌ಗೆ ಅದು ಹಿಡಿಯಲ್ಲ, ಉದ್ದಕ್ಕೂ ಜಾಗ ಸಾಲಲ್ಲ. ಸ್ನೇಹಿತರ ಮಷೀನಲ್ಲಿ ಕತ್ತರಿಸಿದ ಒಂದನ್ನು ಭಾವ ಕ್ಯಾಮೆರಾ ಹತ್ತಿರ ಹಿಡಿದರು. ಬಾಯಿಯ ಒಂದು ಕಡೆ ಫಳಫಳ, ಇನ್ನೊಂದು ಕಡೆ ಕಟರ್ ಮುಟ್ಟೇ ಇಲ್ಲ. ಲೇತ್‌ನ ಚಕ್‌ನಲ್ಲಿ (ಹಿಡಿತದಲ್ಲಿ) ಜಾಬ್ ಓರೆ ಕೂತಾಗ ನಾನು ದಿನಾ ನೋಡೋ ಗುರುತೇ ಅದು!

"ಭಾವ, ಬುಡ ಗಟ್ಟಿಯಾಗಿ, ನೇರವಾಗಿ ಹಿಡಿಯೋದು ತಗೊಳ್ಳಿ. ಬಾಯೊಳಗೆ ಕೂರೋ ಪೈಲಟ್ ಕಡ್ಡಿ ಅಲ್ಲಾಡಬಾರದು. ಎಷ್ಟು ಕತ್ತರಿಸಬೇಕು ಅಂತ ಸೂಕ್ಷ್ಮವಾಗಿ ಹೊಂದಿಸೋ ಮೈಕ್ರೊಮೀಟರ್ ಸ್ಟಾಪ್ ಇರಲಿ, ಕಾರ್ಬೈಡ್ ಕಟರ್ ಇರಲಿ. ಮೋಟಾರ್ ಆಮೇಲೆ ನೋಡೋಣ, ಮೊದಲು ಕೈಯಲ್ಲೇ ತಿರುಗಿಸಿ."

ಕತ್ತರಿಸಿದ ಮೇಲೆ ಒಳಗೂ ಹೊರಗೂ ಬರ್ (ಅಂಚಲ್ಲಿ ಎದ್ದ ಚೂಪು ಪದರ) ತೆಗೀಬೇಕು, ಚೂರು ಒಳಗೆ ಉಳೀಬಾರದು ಅಂತಾನೂ ಹೇಳಿದೀನಿ. ಮುಂದಿನ ವಾರ ಹತ್ತು ತೋಟಾ ಅಳೆದು ಅಳತೆ ಕಳಿಸ್ತಾರಂತೆ.