ಒಂದು ತೆನೆ ಹೆಚ್ಚಿಗೆ ಇರಲಿ

ಮೊಂತಿ ಹಬ್ಬ, ಅಂದರೆ ನಮ್ಮ ಕರಾವಳಿ ಕ್ರೈಸ್ತರ ತೆನೆ ಹಬ್ಬ, ಕಳೆದು ಇನ್ನೂ ವಾರ ತುಂಬಿಲ್ಲ. ಮನೆಯ ಅಲ್ತಾರಿನಲ್ಲಿ ಶಿಲುಬೆಯ ಪಕ್ಕ ಸಿಕ್ಕಿಸಿಟ್ಟ ತೆನೆ ಹಸುರು ಬಿಟ್ಟು ಹಳದಿಗೆ ತಿರುಗುತ್ತಿದೆ. ಸಂಜೆ ಜಪಸರಕ್ಕೆ ಮೊಣಕಾಲೂರಿದರೆ ಮೇಣದ ಬತ್ತಿಯ ವಾಸನೆಯನ್ನೂ ದಾಟಿಕೊಂಡು ಅದರ ವಾಸನೆ ಬರುತ್ತದೆ. ಹಸಿ ಹುಲ್ಲು, ಹಾಲು, ಒಂಚೂರು ಕೆಸರು, ಮೂರೂ ಸೇರಿದ ವಾಸನೆ. ಅದು ಮೂಗಿಗೆ ತಾಗಿದರೆ ಸಾಕು, ನನ್ನ ಕಣ್ಣೆದುರು ಮಾಂಯ್‌ಯ ಹೆಬ್ಬೆರಳು ಬಂದು ನಿಲ್ಲುತ್ತದೆ.

ಮಾಂಯ್ ಅಂದರೆ ಅಪ್ಪನ ತಾಯಿ. ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಯಾವತ್ತೋ ಕತ್ತಿ ತಾಗಿದ್ದಂತೆ. ಆ ಸೀಳಿಗೆ ಭತ್ತದ ಕಾಳೊಂದನ್ನು ಕೊಟ್ಟು ಮೆಲ್ಲಗೆ ಒತ್ತಿದರೆ ಹೊಟ್ಟು ಬಿಟ್ಟುಕೊಂಡು ಅಕ್ಕಿ ಮುರಿಯದೆ ಹೊರಗೆ ಬರುತ್ತಿತ್ತು. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನ ಜನ್ಮದಿನದ ಬಲಿಪೂಜೆ ಮುಗಿಸಿ, ಆಶೀರ್ವದಿಸಿದ ತೆನೆಯನ್ನು ಸೆರಗಿನಲ್ಲಿ ಸುತ್ತಿ ಮನೆಗೆ ತಂದವರು, ಒದ್ದೆ ಸೀರೆ ಬದಲಿಸುವ ಮೊದಲೇ ಹಿತ್ತಾಳೆಯ ಹರಿವಾಣ ಇಟ್ಟುಕೊಂಡು ಕೂರುತ್ತಿದ್ದರು. ನಾವು ಮಕ್ಕಳು ಸುತ್ತ. ತಲೆಗೆ ಮೂರು ಕಾಳು. ಪಿತನ, ಸುತನ, ಪವಿತ್ರಾತ್ಮರ ಹೆಸರಿನಲ್ಲಿ. "ಇದು ನಿನ್ನ ಅಪ್ಪನಿಗೆ. ಇದು ನಿನ್ನ ಅಮ್ಮನಿಗೆ. ಇದು ಬೊಂಬಾಯಿಯ ಬಾಪ್ಪುವಿಗೆ..." ಬೊಂಬಾಯಿಯ ಪಾಲು ಸುಲಿಯುತ್ತಿರಲಿಲ್ಲ, ಹೊಟ್ಟು ಸಮೇತ ಬೇರೆ ಇಡುತ್ತಿದ್ದರು. ಅದು ಒಣಗಿದ ಮೇಲೆ ಕಾಗದದಲ್ಲಿ ಮಡಚಿ ಕವರಿನೊಳಗೆ ಹಾಕಿ ಅಂಚೆಗೆ. ಅಲ್ಲಿ ಬಾಪ್ಪು, ಅಂದರೆ ನಮ್ಮ ಚಿಕ್ಕಪ್ಪ, ಚಾಳಿನ ಕೋಣೆಯಲ್ಲಿ, ಆ ಮೂರು ಕಾಳನ್ನು ಹಾಲಿಗೆ ಹಾಕಿ ಕುಡಿಯುತ್ತಿದ್ದರಂತೆ. ಊರಿನ ಹೊಸ ಅಕ್ಕಿ ಬಾಯಿಗೆ ಬೀಳದೆ ಅವರಿಗೆ ವರ್ಷ ಮುಂದೆ ಹೋಗುತ್ತಿರಲಿಲ್ಲ.

ಮನೆಯವರ ಹೆಸರು ಮುಗಿದ ಮೇಲೂ ಮಾಂಯ್ ನಿಲ್ಲಿಸುತ್ತಿರಲಿಲ್ಲ. ನೇಜಿ, ಅಂದರೆ ಭತ್ತದ ಸಸಿ, ನೆಡಲು ಜೊತೆಗೆ ಬಂದಿದ್ದ ಗುಡ್ಡೆ ಮೇಲಿನ ಅಪ್ಪಿಗೆ ಮೂರು ಕಾಳು. ಅಪ್ಪಿಯ ಮನೆಯಲ್ಲಿ ಕುರಲ್ ಪರ್ಬಕ್ಕೆ ತೆನೆ ಕಟ್ಟಿ ಹೊಸ ಅಕ್ಕಿ ಊಟ ಮಾಡುವುದು ಬೇರೆ ದಿನ, ಬೇರೆ ದೇವರ ಎದುರು. ಆದರೂ ಇಲ್ಲಿಯ ಮೂರು ಕಾಳು ಅಲ್ಲಿಗೆ ಹೋಗುತ್ತಿತ್ತು, ಅಲ್ಲಿಯ ಪಾಯಸ ಇಲ್ಲಿಗೆ ಬರುತ್ತಿತ್ತು. ಎಲ್ಲ ಮುಗಿದ ಮೇಲೆ ಒಂದು ಇಡೀ ತೆನೆ ಹರಿವಾಣದ ಅಂಚಿನಲ್ಲಿ ಉಳಿದಿರುತ್ತಿತ್ತು. ಅದನ್ನು ಮಾಂಯ್ ಇಗರ್ಜಿಯ ವಾರ್ಡಿನ ಮುಖಂಡರಾದ ಗುರ್ಕಾರರ ಹತ್ತಿರ ಪ್ರತಿ ವರ್ಷ ಕೇಳಿ ಹೆಚ್ಚಿಗೆ ತರುತ್ತಿದ್ದರು.

"ಇದು ಯಾರಿಗೆ ಮಾಂಯ್?"

"ಬರುವವರಿಗೆ."

"ಯಾರು ಬರುತ್ತಾರೆ?"

"ಬಂದ ಮೇಲೆ ಗೊತ್ತಾಗುತ್ತದೆ ಬಾಯ್."

ಕೆಲವು ವರ್ಷ ಯಾರೂ ಬರುತ್ತಿರಲಿಲ್ಲ. ಆ ತೆನೆ ಅಲ್ತಾರಿನ ಮೇಲೆಯೇ ಒಣಗುತ್ತಿತ್ತು. ಅದಕ್ಕಾಗಿ ಅವರು ಬೇಸರಪಟ್ಟದ್ದು ನಾನು ನೋಡಿಲ್ಲ.

ಮಾಂಯ್ ನೇಜಿ ನೆಡುತ್ತಿದ್ದ ಆ ಗದ್ದೆ ಮೊದಲು ನಮ್ಮದಾಗಿರಲಿಲ್ಲ. ಅಜ್ಜ ಗೇಣಿ ಒಕ್ಕಲು. ಬೆಳೆದದ್ದರಲ್ಲಿ ಧಣಿಗಳ ಮುಡಿ ಅಳೆದು ಕೊಟ್ಟ ಮೇಲೆ ಉಳಿದದ್ದು ನಮ್ಮ ಹೊಟ್ಟೆಗೆ. ಮಳೆಗಾಲದ ಆಟಿ ತಿಂಗಳಿಗೆ ಬರುವಷ್ಟರಲ್ಲಿ ಕಣಜ ಖಾಲಿ. 1974ರಲ್ಲಿ ಭೂಸುಧಾರಣೆ ಕಾನೂನು ತಿದ್ದುಪಡಿಯಾಗಿ ಉಳುವವನಿಗೆ ಹೊಲ ಎಂದಾಯಿತಲ್ಲ, ಆಗ ಕರಾವಳಿಯ ಎಷ್ಟೋ ಕ್ರೈಸ್ತ ಒಕ್ಕಲುಗಳ ಹಾಗೆ ಅಜ್ಜನೂ ಡಿಕ್ಲರೇಶನ್ ಕೊಟ್ಟರು. ಗದ್ದೆ ಹೆಸರಿಗೆ ಆಯಿತು. ಆ ವರ್ಷ ಮೊಂತಿ ಹಬ್ಬಕ್ಕೆ ಮನೆಯಲ್ಲಿ ಭಾರಿ ಗಮ್ಮತ್ತು ಮಾಡಬೇಕೆಂದು ಬಾಪ್ಪು ಹೊರಟಾಗ ಮಾಂಯ್ ಹೇಳಿದ ಮಾತನ್ನು ಅಪ್ಪ ಸಾಯುವ ತನಕ ಹೇಳುತ್ತಿದ್ದರು: "ಧಣಿಗಳು ಹೋದರು ಅಂತ ಕುಣಿಯಬೇಡ. ಗದ್ದೆಗೆ ಧಣಿ ಈಗಲೂ ಇದ್ದಾರೆ. ನಾವು ಒಕ್ಕಲೇ."

ಅವತ್ತಿನಿಂದ ಅಡುಗೆಮನೆಯಲ್ಲಿ ಒಂದು ತಗಡಿನ ಡಬ್ಬಿ ಬಂತು. ಅನ್ನಕ್ಕೆ ಇಡುವಾಗ ಪ್ರತಿ ಸಲ ಒಂದು ಮುಷ್ಟಿ ಕುಚ್ಚಲಕ್ಕಿ ಅದಕ್ಕೆ. ತಿಂಗಳ ಕೊನೆಗೆ ಅದು ಸೈಂಟ್ ವಿನ್ಸೆಂಟ್ ಪಾವ್ಲ್ ಸಭೆಯವರ ಕೈಗೆ, ಅಲ್ಲಿಂದ ಯಾರ ಮನೆಗೆ ಎಂದು ಕೇಳಬಾರದು. ಅದೇ ಮಾಂಯ್‌ಯ ಗೇಣಿ. ಈಗ ಧರ್ಮಪ್ರಾಂತ್ಯದ ಪತ್ರಗಳಲ್ಲಿ, ಪಾಲನಾ ಮಂಡಳಿಯ ಸಭೆಗಳಲ್ಲಿ ಹೊಣೆಗಾರಿಕೆ, ಉಸ್ತುವಾರಿ ಎಂಬ ಪದಗಳು ಬರುತ್ತವೆ. ಬೈಬಲಿನ ಹಳೆಯ ಕನ್ನಡದಲ್ಲಿ ಮನೆವಾರ್ತೆ ಎಂದಿದೆ, ಚಂದದ ಮಾತು. ಆದರೆ ನನಗೆ ಅರ್ಥವಾಗುವುದು ಒಕ್ಕಲು ಎನ್ನುವ ಪದದಲ್ಲಿ. ಭೂಮಿ ಧಣಿಯದು, ದುಡಿಮೆ ನಮ್ಮದು, ಮೊದಲ ಅಳತೆ ಅವರ ಅಂಗಳಕ್ಕೆ. ಆ ಅಂಗಳ ಎಲ್ಲಿದೆ ಎಂದರೆ ಹಸಿದವರ ಮನೆಯ ಬಾಗಿಲಲ್ಲಿ. ಇದನ್ನು ಯೇಸುಸ್ವಾಮಿಯೇ ಹೇಳಿದ್ದಾರೆ, ನಾನು ಹೊಸದಾಗಿ ಹೇಳಬೇಕಾದ್ದಿಲ್ಲ.

ಈ ಹಬ್ಬದ ಹೆಸರಿನಲ್ಲೇ ಒಂದು ಗುಡ್ಡವಿದೆ. ಪೋರ್ಚುಗೀಸಿನಲ್ಲಿ ಮೊಂತೆ ಅಂದರೆ ಗುಡ್ಡ. ನೇತ್ರಾವತಿ ದಡದ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಿಂದ ಮೊಂತಿ ಬಂತು, ಅಲ್ಲಿ 1763ರಲ್ಲಿ ಫಾದರ್ ಜೊವಾಕಿಂ ಮಿರಾಂದ ಈ ಹಬ್ಬವನ್ನು ಆರಂಭಿಸಿದರು ಎಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಅದಾಗಿ ಎರಡು ದಶಕ ದಾಟಿದ ಮೇಲೆ, 1784ರಲ್ಲಿ, ಟಿಪ್ಪು ಸುಲ್ತಾನನ ಕಡೆಯವರು ನಮ್ಮವರನ್ನೆಲ್ಲ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಇಗರ್ಜಿಗಳು ಬಿದ್ದವು. 1799ರಲ್ಲಿ ಟಿಪ್ಪು ಮಡಿದ ಬಳಿಕ ಉಳಿದವರು ಘಟ್ಟ ಇಳಿದು ಮರಳಿ ಬಂದಾಗ ಅವರ ಗದ್ದೆಗಳು ಪರರ ಕೈಯಲ್ಲಿ. ಆ ಜನ ಮತ್ತೆ ಒಕ್ಕಲಾಗಿ ಶುರುಮಾಡಿದರು, ಮುಳಿಹುಲ್ಲಿನ ಮಾಡು ಹೊದಿಸಿ ಪೂಜೆ ಕೇಳಿದರು. ತೆನೆ ಕೈಯಲ್ಲಿ ಹಿಡಿದಾಗ ನನಗೆ ಆ ಮೊದಲ ವರ್ಷಗಳ ಹಬ್ಬ ನೆನಪಾಗುತ್ತದೆ. ಆಗ ಒಬ್ಬೊಬ್ಬರ ಪಾಲಿಗೆ ಎಷ್ಟು ಕಾಳು ಸಿಕ್ಕಿರಬಹುದು!

ಈ ವರ್ಷ ನಮ್ಮ ವಾರ್ಡಿಗೆ ನನ್ನನ್ನೇ ಗುರ್ಕಾರ್ ಮಾಡಿದರು. 33 ಮನೆ. ಗುರ್ಕಾರ್ ಅಂದರೆ ದೊಡ್ಡ ಅಧಿಕಾರವೇನಲ್ಲ. ಯಾರ ಮನೆಯಲ್ಲಿ ಕಾಯಿಲೆ ಇದೆ, ಯಾರು ತಿಂಗಳಿಂದ ಪೂಜೆಗೆ ಕಾಣುತ್ತಿಲ್ಲ, ಯಾರಿಗೆ ಮಗಳ ಮದುವೆಯ ಚಿಂತೆ, ಇವನ್ನೆಲ್ಲ ಫಾದರ್ ಕಿವಿಗೆ ಹಾಕುವುದು; ವಾರ್ಡಿನ ಸಭೆ ಕರೆಯುವುದು; ಇಗರ್ಜಿ ಗುಡಿಸುವ ಪಾಳಿ ಬಂದಾಗ ನೆನಪಿಸುವುದು. ಹಿಂದೆ ಗುಡಿಸುವ ಪಾಳಿ ಅಂದರೆ ಹಬ್ಬದ ಹಾಗೆ. ಹೆಂಗಸರು ಹಿಡಿಸೂಡಿ ಹಿಡಿದು ಬರುತ್ತಿದ್ದರು, ಗಂಡಸರು ಬಲ್ಬು ಒರೆಸುತ್ತಿದ್ದರು, ಕೊನೆಗೆ ಯಾರೋ ತಂದ ಅವಲಕ್ಕಿ, ಚಹಾ. ಈಗ ಫೋನ್ ಮಾಡಿದರೆ "ಎಷ್ಟಾಗುತ್ತದೆ ಹೇಳಿ, ಕೊಡುತ್ತೇವೆ, ಕೆಲಸದವರನ್ನು ಹಾಕಿ" ಅನ್ನುತ್ತಾರೆ. ದುಡ್ಡು ಕೊಡುತ್ತಾರೆ, ಅದಕ್ಕೆ ನಾನು ಕೃತಜ್ಞಳು. ಆದರೆ ದೇವರ ಮನೆಯ ನೆಲವನ್ನು ಒಮ್ಮೆಯೂ ಕೈಯಾರೆ ಒರೆಸದ ಮಕ್ಕಳಿಗೆ ಆ ಮನೆ ತಮ್ಮದು ಎಂದು ಹೇಗೆ ಅನಿಸಬೇಕು?

ನೊವೇನಾದ ಹೂವಿನ ಕಥೆಯೂ ಹಾಗೆಯೇ ಆಗಿದೆ. ಒಂಬತ್ತು ದಿನ ಬಾಲ ಮರಿಯಮ್ಮನಿಗೆ ಹೂ ಹಾಕಲು ನಾವು ಬೆಳಿಗ್ಗೆ ಎದ್ದು ಬೇಲಿ ಬೇಲಿ ತಿರುಗುತ್ತಿದ್ದೆವು. ದಾಸವಾಳ, ಗೋರಂಟಿ, ಗದ್ದೆ ಬದಿಯ ಹೆಸರಿಲ್ಲದ ನೇರಳೆ ಹೂ. ಕಾಲು ಕೆಸರು, ಫ್ರಾಕಿನ ತುಂಬ ಒದ್ದೆ. ಈಗ ಸೇವಂತಿಗೆಯ ಪ್ಯಾಕೆಟ್ ಪೇಟೆಯಿಂದ ಬರುತ್ತದೆ. ಮಕ್ಕಳ ತಪ್ಪಲ್ಲ. ಬೇಲಿ ಹೋಗಿ ಕಂಪೌಂಡ್ ಬಂದಿದೆ, ನಾವೇ ಕಟ್ಟಿಸಿದ್ದು.

ಎಲ್ಲವೂ ಹೋಯಿತು ಎಂದರೆ ಸುಳ್ಳಾಗುತ್ತದೆ. ನಾಲ್ಕೈದು ವರ್ಷದಿಂದ ಹಬ್ಬಕ್ಕೆ ತೆನೆಯನ್ನು ಹೊರಗಿನಿಂದ ಕ್ರಯ ಕೊಟ್ಟು ತರುತ್ತಿದ್ದೆವು. ಊರಿನಲ್ಲಿ ಗದ್ದೆ ಇಲ್ಲವೆಂದಲ್ಲ, ಎಲ್ಲ ಬೆಳೆ ಇಲ್ಲದೆ ಹಡಿಲು ಬಿದ್ದಿವೆ. ಇಗರ್ಜಿಯ ಹಿಂದಿನ ಗದ್ದೆಯೂ ಹಾಗೇ ಪೊದೆ ಬೆಳೆದು ಕೂತಿತ್ತು. ಈ ಸಲ ಮೇ ತಿಂಗಳಲ್ಲಿ ನಮ್ಮ ಯುವಜನರು ಅದಕ್ಕೆ ಇಳಿದರು. ಪೊದೆ ಕಡಿದು, ಟಿಲ್ಲರ್ ಹೊಡೆಸಿ, ಎಂಒ 4 ತಳಿಯ ಭತ್ತದ ಬೀಜ ತಂದು ನೇಜಿ ಹಾಕಿದರು. ನೆಡುವ ದಿನ ಕಂಪ್ಯೂಟರ್ ಕೆಲಸದ ಹುಡುಗರು ರಜೆ ಹಾಕಿ ಬಂದು ಕೆಸರಿನಲ್ಲಿ ನಿಂತರು. ಅವರಿಗೆ ನೇಜಿಯ ಕಟ್ಟು ಬಿಡಿಸಿ ಬೆರಳಿನಿಂದ ಊರುವುದನ್ನು ಕಲಿಸಿದವರು, ಅಂಚಿನಲ್ಲಿ ಕೊಡೆ ಹಿಡಿದು ನಿಂತಿದ್ದ ಎಪ್ಪತ್ತು ದಾಟಿದ ಹೆಂಗಸರು. ಒಬ್ಬರು ತಡೆಯಲಾರದೆ ಸೀರೆ ಎತ್ತಿಕಟ್ಟಿ ಗದ್ದೆಗೇ ಇಳಿದುಬಿಟ್ಟರು. ಅವರು ನೆಟ್ಟ ಸಾಲು ಮಾತ್ರ ನೂಲು ಹಿಡಿದ ಹಾಗೆ ನೇರ ಬಂತು. ಸೆಪ್ಟೆಂಬರ್ ಮೊದಲ ವಾರಕ್ಕೆ ತೆನೆ ಬಲಿಯತೊಡಗಿತ್ತು. ಕೆಲವು ಕಾಳಿನಲ್ಲಿ ಇನ್ನೂ ಹಾಲು, ಕೆಲವು ಗಟ್ಟಿ. ಹಬ್ಬದ ಬೆಳಿಗ್ಗೆ ಫಾದರ್ ಅದೇ ಗದ್ದೆಯ ತೆನೆಗಳ ಮೇಲೆ ತೀರ್ಥ ಚಿಮುಕಿಸುವಾಗ ನನಗೆ ಗಂಟಲು ಕಟ್ಟಿತು. ಬ್ಯಾಂಡಿನ ಸದ್ದಿನಲ್ಲಿ, ಮಳೆಯಲ್ಲಿ, ಪಲ್ಲಕ್ಕಿಯ ಹಿಂದೆ ತೆನೆ ಹೊತ್ತು ಬರುತ್ತಿದ್ದ ಆ ಹುಡುಗರ ಮುಖ ನೋಡಿದಾಗ, ಮಾಂಯ್ ಇರಬೇಕಿತ್ತು ಅನಿಸಿತು.

ಪೂಜೆಯ ಬಳಿಕ ಗುರ್ಕಾರರಿಗೆ ವಾರ್ಡಿನ ಮನೆಗಳ ಲೆಕ್ಕದಲ್ಲಿ ತೆನೆಯ ಕಟ್ಟು ಕೊಟ್ಟರು. ನಾನು 33ರ ಮೇಲೆ ಒಂದು ಹೆಚ್ಚಿಗೆ ಕೇಳಿದೆ. ಯಾಕೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೊವೇನಾಕ್ಕೆ ಒಂಬತ್ತು ದಿನ ತಪ್ಪದೆ ಬಂದ ಮಕ್ಕಳು ತಮಗೆ ಹಂಚುವ ಕಬ್ಬಿಗೆ ಸಾಲು ನಿಂತಿದ್ದರು. 26 ಮನೆಯವರು ಅಂಗಳದಲ್ಲೇ ತೆನೆ ತೆಗೆದುಕೊಂಡರು. ಉಳಿದ ಏಳು ಮನೆಗೆ ನಡೆದೆ. ಹಾಸಿಗೆ ಹಿಡಿದ ಒಬ್ಬ ಹಿರಿಯರು ತೆನೆಯನ್ನು ಕೆನ್ನೆಗೆ ಒತ್ತಿಕೊಂಡು ಸುಮಾರು ಹೊತ್ತು ಹಾಗೇ ಇದ್ದರು. ದೊಡ್ಡ ತಾರಸಿ ಮನೆಯಲ್ಲಿ ಒಬ್ಬರೇ ಇರುವ ಮಾವ್ಶಿ ನನ್ನೆದುರೇ ಕಾಳು ಬಿಡಿಸಿ ಮೇಜಿನ ಮೇಲೆ ಗುಂಪು ಗುಂಪಾಗಿ ಇಟ್ಟರು: ಇದು ದುಬೈ, ಇದು ಕೆನಡಾ, ಇದು ಬೆಂಗಳೂರು. ತಮ್ಮ ಪಾಲು ಇಟ್ಟುಕೊಳ್ಳಲು ಮರೆತೇಬಿಟ್ಟಿದ್ದರು. ನಾನು ಮೂರು ಕಾಳು ಸುಲಿದು ಅವರ ಹಾಲಿನ ಲೋಟಕ್ಕೆ ಹಾಕಿ, ಕುಡಿಯುವ ತನಕ ಕೂತೆ.

ವಾಪಸು ಬರುವಾಗ ಚೀಲದಲ್ಲಿ ಆ ಒಂದು ತೆನೆ ಉಳಿದಿತ್ತು. ತಿರುವಿನ ಬಾಡಿಗೆ ಮನೆಯ ಜಗಲಿಯಲ್ಲಿ ಐದಾರು ವರ್ಷದ ಹುಡುಗಿಯೊಬ್ಬಳು ನಿಂತು ನನ್ನ ಕೊಡೆಯನ್ನೇ ನೋಡುತ್ತಿದ್ದಳು. ಕುತ್ತಿಗೆಯಲ್ಲಿ ಕರಿದಾರ, ಅದರಲ್ಲಿ ಪುಟ್ಟ ಶಿಲುಬೆ. ತಿಂಗಳಿಗೊಮ್ಮೆ ನಡೆಯುವ ಕನ್ನಡ ಪೂಜೆಯಲ್ಲಿ ಹಿಂದಿನ ಬಾಗಿಲ ಹತ್ತಿರ ನಿಲ್ಲುವ ಕುಟುಂಬ ಇದೇ ಎಂದು ಆಗ ಹೊಳೆಯಿತು. ನನ್ನ ಪುಸ್ತಕದಲ್ಲಿ ಅವರ ಹೆಸರಿಲ್ಲ. ನಮ್ಮ ವಾರ್ಡಿನ ಸಭೆಗೆ ಅವರನ್ನು ಕರೆದವರಿಲ್ಲ. ಕೊಂಕಣಿ ಬರುವುದಿಲ್ಲ, ನಾಳೆ ಬೇರೆ ಊರಿಗೆ ಹೋಗುವವರು ಎಂದು ನಾವೇ ಅಂದುಕೊಂಡು ಸುಮ್ಮನಿದ್ದೆವು. ಎಂಟು ತಿಂಗಳಾಗಿತ್ತಂತೆ ಅವರು ಬಂದು.

"ಬನ್ನಿ ಅಕ್ಕ, ಒಳಗೆ ಬನ್ನಿ, ಪೂರ್ತಿ ನೆನೆದ್ಬಿಟ್ಟಿದೀರ" ಎಂದು ಹುಡುಗಿಯ ಅಮ್ಮ ಟವೆಲ್ ಕೊಟ್ಟಳು. ಹಾಸನದ ಕಡೆಯವರು. ಗಂಡ ಕಲ್ಲುಕೋರೆಯಲ್ಲಿ. "ನೀರಲ್ಲಿ ಮುಳುಗೋ ಇಗರ್ಜಿ ಅಂತಾರಲ್ಲಕ್ಕ, ಶೆಟ್ಟಿಹಳ್ಳಿದು, ನಮ್ಮ ತಾತ ಅವರೆಲ್ಲ ಅಲ್ಲಿಯವ್ರೇ. ಹೇಮಾವತಿ ಡ್ಯಾಮ್ ಕಟ್ಟಿದಾಗ ಊರು ಬಿಟ್ಟಿದ್ದು." ಗದ್ದೆ ಹೋಗಿ, ಇಗರ್ಜಿ ಹೋಗಿ ಬಂದವರ ಮೊಮ್ಮಗಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ತೆನೆ ತೆಗೆದು ಕೊಟ್ಟೆ. ಆಕೆ ಎರಡೂ ಕೈಯೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಮರಿಯಮ್ಮನ ಹುಟ್ಟುಹಬ್ಬ ಗೊತ್ತು, ಈ ತೆನೆಯ ಪದ್ಧತಿ ಗೊತ್ತಿಲ್ಲ ಎಂದಳು. ನಾನು ನೆಲದ ಮೇಲೆ ಕೂತು, ಒಂದು ತಟ್ಟೆ ಕೇಳಿ, ಹುಡುಗಿಯ ಕೈಯಲ್ಲಿ ಒಂದು ಕಾಳು ಕೊಟ್ಟೆ. ನನ್ನ ಉಗುರು ಮಾಂಯ್‌ಯದರಂತೆ ಸೀಳಿಲ್ಲ, ಅಕ್ಕಿ ಮುರಿಯಿತು. ಹುಡುಗಿ ಹಲ್ಲಿನಿಂದ ಕಚ್ಚಿ ಸುಲಿದಳು, ಇಡಿಯಾಗಿ ಬಂತು.

"ಯಾರ್ಯಾರಿಗೆ ಇಡಬೇಕು?" ಎಂದು ಕೇಳಿದಳು.

"ನಿಮ್ಮ ಮನೆಯಲ್ಲಿ ಯಾರ್ಯಾರು ಇದ್ದಾರೆ, ಹೇಳು" ಎಂದೆ. ಅಪ್ಪ, ಅಮ್ಮ, ತಮ್ಮ, ಊರಿನಲ್ಲಿರುವ ಅಜ್ಜಿ. ತಟ್ಟೆಯಲ್ಲಿ ಮೂರು ಮೂರು ಕಾಳಿನ ಗುಂಪು ಬೆಳೆಯಿತು. ಕೊನೆಗೆ ಆಕೆಯ ಅಮ್ಮ ನನ್ನ ಹೆಸರು ಕೇಳಿ, ನನ್ನ ಲೆಕ್ಕದ್ದನ್ನೂ ಇಡಿಸಿದಳು.

ಮನೆಗೆ ಬಂದು ವಾರ್ಡಿನ ಪುಸ್ತಕ ತೆಗೆದೆ. 33ರ ಕೆಳಗೆ ಗೆರೆ ಎಳೆದು ಮುಗಿಸಿದ್ದರು ಹಿಂದಿನ ಗುರ್ಕಾರರು. ಗೆರೆಯ ಕೆಳಗೆ 34 ಎಂದು ಹಾಕಿ ಅವರ ಹೆಸರು ಬರೆದೆ. ಅಕ್ಟೋಬರಿನಲ್ಲಿ ಜಪಸರದ ತಿಂಗಳು, ಮಾತೆಯ ಪ್ರತಿಮೆ ಮನೆಯಿಂದ ಮನೆಗೆ ಹೋಗಬೇಕು. ಮೊದಲ ದಿನ ಅದೇ ಮನೆಗೆ ಎಂದು ಪಕ್ಕದಲ್ಲೇ ಗುರುತು ಮಾಡಿಟ್ಟಿದ್ದೇನೆ. ಪ್ರಾರ್ಥನೆ ಕನ್ನಡದಲ್ಲಿ.